ಕೋಟಿಗೆ ನಲವತ್ತೇಳು ಕಡಿಮೆ

ಕಚೇರಿ ಮುಚ್ಚಲು ಇನ್ನು ನಾಲ್ಕೇ ದಿನ ಉಳಿದಿದ್ದಾಗ ಆ ಕಾಗದ ಬಂತು. ಬರುವುದಿದ್ದರೆ ಕಳೆದ ಮೂವತ್ತೆಂಟು ವರ್ಷಗಳಲ್ಲಿ ಯಾವತ್ತು ಬೇಕಾದರೂ ಬರಬಹುದಿತ್ತು. ಕೆಲವು ಕಾಗದಗಳಿಗೆ ಅದೇನು ಹಟವೋ, ಮನುಷ್ಯ ಚಪ್ಪಲಿ ಬಿಚ್ಚಿ ಕಾಲು ಚಾಚಿದ ಮೇಲೆಯೇ ಬಾಗಿಲು ತಟ್ಟುತ್ತವೆ.

ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಕೂತಿದ್ದವಳು ಸೊನ್ನೆ ಒಬ್ಬಳೇ. ಒಂದು ಕಾಲಕ್ಕೆ ಇಪ್ಪತ್ತಾರು ಮೇಜುಗಳಿಗೆ ಇಪ್ಪತ್ತಾರು ಹೆಂಗಸರಿದ್ದ ಕೋಣೆ. ಈಗ ಇಪ್ಪತ್ತೈದು ಮೇಜುಗಳು ಕಾಲು ಮೇಲೆ ಮಾಡಿಕೊಂಡು ಗೋಡೆಗೆ ಒರಗಿ ಬಿದ್ದಿದ್ದವು. ಶುಕ್ರವಾರ ಕಚೇರಿಯೂ ಮುಗಿಯುತ್ತಿತ್ತು, ಅವಳ ನೌಕರಿಯೂ ಮುಗಿಯುತ್ತಿತ್ತು. ಅರವತ್ತು ತುಂಬಿತ್ತು, ಬಲಗೈ ಮಣಿಕಟ್ಟು ಸೋತಿತ್ತು. ದುಃಖಪಡಬೇಕು ಅನ್ನಿಸುತ್ತಿತ್ತು, ಆದರೆ ಅದಕ್ಕೂ ಸ್ವಲ್ಪ ಶಕ್ತಿ ಬೇಕಲ್ಲ.

ಆ ಕಚೇರಿಯ ಕೆಲಸ ಹೊರಗಿನವರಿಗೆ ಹೇಳಿದರೆ ನಗುತ್ತಿದ್ದರು. ಒಂದರಿಂದ ಒಂದು ಕೋಟಿಯವರೆಗಿನ ಸಂಖ್ಯೆಗಳನ್ನು ಒಂದೊಂದಾಗಿ ಹಿಡಿದು, ಶೇಷ ಉಳಿಯದಂತೆ ಅದನ್ನು ಭಾಗಿಸುವ, ಒಂದಕ್ಕಿಂತ ದೊಡ್ಡದಾದ ಅತಿ ಚಿಕ್ಕ ಸಂಖ್ಯೆ ಯಾವುದು ಎಂದು ಕೋಷ್ಟಕದಲ್ಲಿ ದಾಖಲಿಸುವುದು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗೆ ಪುಸ್ತಕದಲ್ಲಿ ಅವಿಭಾಜ್ಯ ಎನ್ನುತ್ತಾರೆ. ಕಚೇರಿಯ ಹೆಂಗಸರು ಅದನ್ನು ‘ಒಂಟಿ’ ಎನ್ನುತ್ತಿದ್ದರು. ಕೋಷ್ಟಕದಲ್ಲಿ ಒಂಟಿಯ ಮನೆ ಖಾಲಿ ಉಳಿಯುತ್ತಿತ್ತು.

ಕೆಲಸದ ಉಪಕರಣ ಜರಡಿ. ಜರಡಿ ಅಂದರೆ ತೂತು ಕೊರೆದ ರಟ್ಟು, ಒಂದೊಂದು ಒಂಟಿ ಸಂಖ್ಯೆಗೂ ಒಂದೊಂದು. ಹಾಳೆಯ ಒಂದು ಸಾಲೆಂದರೆ ಹತ್ತು ಸಂಖ್ಯೆ. ಸಮಸಂಖ್ಯೆಗಳನ್ನೂ ಐದರಲ್ಲಿ ಕೊನೆಗೊಳ್ಳುವವನ್ನೂ ಯಾರೂ ಕೇಳುವುದಿಲ್ಲವಾದ್ದರಿಂದ ಸಾಲಿಗೆ ನಾಲ್ಕೇ ಮನೆ: ಒಂದು, ಮೂರು, ಏಳು, ಒಂಬತ್ತರಲ್ಲಿ ಮುಗಿಯುವವು. ಮೂವತ್ತೇಳರ ಜರಡಿ ಮೂವತ್ತೇಳು ಸಾಲು ಉದ್ದ, ಅದಕ್ಕೆ ನಾಲ್ಕೇ ತೂತು. ಹಾಳೆಯ ಮೇಲೆ ಇಟ್ಟು, ತೂತಿನೊಳಗೆ ಖಾಲಿ ಮನೆ ಕಂಡರೆ 37ರ ಮೊಹರು ಒತ್ತುವುದು. ಆ ಮನೆಯಲ್ಲಿ ಆಗಲೇ ಮೂರೋ ಏಳೋ ಬಂದು ಕೂತಿದ್ದರೆ ಸುಮ್ಮನಿರುವುದು, ಮೊದಲು ಬಂದವರಿಗೆ ಮನೆ. ಆಮೇಲೆ ಜರಡಿ ಎತ್ತಿ, ಮುಂದಿನ ಸಾಲಿನಿಂದ ಮತ್ತೆ ಇಡುವುದು. ಇಡು, ಒತ್ತು, ಎತ್ತು. ಹೀಗೆ ಒಂದು ಕೋಟಿ, ಅದು ಮುಗಿದ ಮೇಲೆ ಬೇರೆ ಕೋಷ್ಟಕಗಳು. ಈಗಿನ ಯಂತ್ರಗಳು ಇದನ್ನೆಲ್ಲ ನಾವು ಸೀನಿ ಮೂಗೊರಸಿಕೊಳ್ಳುವಷ್ಟರಲ್ಲಿ ಮಾಡಿ ಮುಗಿಸುತ್ತವೆ. ಅದನ್ನು ಸೊನ್ನೆಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ಮೊಹರಿನ ಕೆಲಸವಾದ್ದರಿಂದ ಯಾವುದು ಯಾರ ಕೈ ಎಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಒಂದು ಕಟ್ಟಳೆ: ಒಂದು ಹಾಳೆಗೆ ಒಂದು ಗುರುತು. ಪ್ರತಿಯೊಬ್ಬರಿಗೂ ಒಂದು ಪುಟ್ಟ ಆಕಾರ ಕೊಟ್ಟಿದ್ದರು. ಹಾಳೆ ಮುಗಿಸಿದವಳು ಮೂಲೆಯಲ್ಲಿ ಅದನ್ನು ಒತ್ತಬೇಕು. ಇವಳದು ಬಳೆಯಂಥ ಚಿಕ್ಕ ಉಂಗುರ. ಸಂಖ್ಯೆಗಳ ಕಚೇರಿಯಲ್ಲಿ ಉಂಗುರ ಯಾರಿಗೆ ಉಂಗುರದ ಹಾಗೆ ಕಾಣುತ್ತದೆ? ಸೇರಿದ ವಾರದಲ್ಲೇ ಅವಳು ಸೊನ್ನೆಯಾದಳು. ಅವಳಿಗಿಂತ ಹದಿನಾರು ವರ್ಷ ದೊಡ್ಡವಳಾದ ಅಕ್ಕನದು ತ್ರಿಕೋನ. ತಾಯಿಯಿಲ್ಲದ ತಂಗಿಯನ್ನು ಸಾಕಿದವಳೂ ಅವಳೇ, ಈ ಕಚೇರಿಗೆ ತಂದು ಕೂರಿಸಿದವಳೂ ಅವಳೇ.

ಅಚ್ಚಾದ ಮೇಲೆ ಕೋಷ್ಟಕದಲ್ಲಿ ತಪ್ಪು ಸಿಕ್ಕಿದರೆ ಯಾರೂ ಬಯ್ಯುತ್ತಿರಲಿಲ್ಲ. ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಎಲ್ಲ ಪ್ರತಿಗಳಿಗೂ ಅಂಟಿಸುತ್ತಿದ್ದರು, ಅಷ್ಟೇ. ಆದರೆ ತಪ್ಪಿನ ಸಾಲಿನ ಕೊನೆಯಲ್ಲಿ ತಪ್ಪು ಮಾಡಿದವಳ ಗುರುತು ಇರುತ್ತಿತ್ತು. ಅದನ್ನು ನೋಡಿ ಊಟ ಬಿಟ್ಟವರಿದ್ದಾರೆ. ಸೊನ್ನೆಯ ಉಂಗುರ ಹನ್ನೊಂದು ಸಲ ಚೀಟಿಗೇರಿತ್ತು. ಅಕ್ಕನ ತ್ರಿಕೋನ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಇಲ್ಲ. ನಿವೃತ್ತಳಾಗಿ ಹದಿನಾರು ವರ್ಷ ಕಳೆದು, ಕಣ್ಣು ಪೂರ್ತಿ ಹೋಗಿ ಕುರ್ಚಿಗೆ ಅಂಟಿಕೊಂಡ ಮೇಲೆ ಅಕ್ಕನ ಹತ್ತಿರ ಉಳಿದಿದ್ದ ಆಸ್ತಿ ಅದೊಂದೇ.

ಕಾಗದ ಬರೆದವರು ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದ ನಿವೃತ್ತರೊಬ್ಬರು. ‘ಕಾಲು ಮುರಿದುಕೊಂಡು ಮನೆಯಲ್ಲಿದ್ದೇನೆ. ಹೊತ್ತು ಹೋಗದೆ ಗ್ರಂಥಾಲಯದಿಂದ ನಿಮ್ಮ ಕೋಷ್ಟಕದ ಕೊನೆಯ ಸಂಪುಟ ತರಿಸಿ, ಕೊನೆಯ ಪುಟದಿಂದ ಭಾಗಿಸುತ್ತ ಬಂದೆ. 99,99,953 ಅವಿಭಾಜ್ಯ ಅಂತ ಹಾಕಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಮೂವತ್ತೇಳರಿಂದ ಪೂರ್ತಿ ಹೋಗುತ್ತದೆ. ಮೂರು ಸಲ ಮಾಡಿದೆ. ತಪ್ಪಿದ್ದರೆ ತಿಳಿಸಿ, ನನಗೂ ವಯಸ್ಸಾಯಿತು.’

ಇಂಥ ಕಾಗದಗಳನ್ನು ಸೊನ್ನೆ ಸಾವಿರ ನೋಡಿದ್ದಳು. ಸಾವಿರಕ್ಕೆ ಒಂಬೈನೂರ ತೊಂಬತ್ತರಲ್ಲಿ ತಪ್ಪು ಬರೆದವರದ್ದೇ. ಆಕಳಿಸುತ್ತಲೇ ಪೆನ್ಸಿಲ್ ತೆಗೆದುಕೊಂಡಳು. ಕೋಟಿಗೆ ನಲವತ್ತೇಳು ಕಡಿಮೆ. ತೊಂಬತ್ತೊಂಬತ್ತರಲ್ಲಿ ಮೂವತ್ತೇಳು ಎರಡು ಸಲ, ಉಳಿದದ್ದು ಇಪ್ಪತ್ತೈದು. ಒಂದೊಂದೇ ಅಂಕಿ ಇಳಿಸುತ್ತ ಬಂದು ಕೊನೆಯಲ್ಲಿ ಮುನ್ನೂರ ಮೂವತ್ತಮೂರು ಉಳಿಯಿತು. ಮೂವತ್ತೇಳೊಂಬತ್ತಲೆ ಮುನ್ನೂರ ಮೂವತ್ತಮೂರು. ಕೆಳಗೆ ಏನೂ ಉಳಿಯಲಿಲ್ಲ. ಉತ್ತರ 2,70,269. ಆಕಳಿಕೆ ಅರ್ಧಕ್ಕೇ ನಿಂತಿತು.

ಉಗ್ರಾಣದ ಕಪಾಟಿನಿಂದ ಕೋಷ್ಟಕದ ಕಟ್ಟಕಡೆಯ ಹಾಳೆಯನ್ನು ಎಳೆದು ತಂದಳು. 99,99,500ರಿಂದ ಕೋಟಿಯವರೆಗೆ ಐವತ್ತು ಸಾಲು. 99,99,953ರ ಮನೆ ಖಾಲಿ. ಅದರ ನೆತ್ತಿಯ ಮೇಲೆ, ಹಿಂದಿನ ಸಾಲಿನ 99,99,943ರ ಮನೆಯಲ್ಲಿ 37ರ ಮೊಹರು ಅಚ್ಚುಕಟ್ಟಾಗಿ ಕೂತಿತ್ತು.

ಏನಾಗಿದೆ ಎಂದು ಅವಳಿಗೆ ಮರುಕ್ಷಣವೇ ತಿಳಿಯಿತು. ಮೂವತ್ತೇಳರ ಜರಡಿ ಮೊದಲ ಸಲ ಇಟ್ಟಾಗ ಮೂವತ್ತೇಳು ಸಾಲು ಮುಗಿದಿವೆ. ಎರಡನೆಯ ಸಲ ಉಳಿದ ಹದಿಮೂರು ಸಾಲಿಗೆ ಇಡುವಾಗ, ಮುಂದಿನ ಸಾಲಿನಿಂದ ಶುರು ಮಾಡುವ ಬದಲು ಮುಗಿದ ಸಾಲಿನ ಮೇಲೆಯೇ ಇಟ್ಟಿದ್ದಾರೆ. ಎಲ್ಲ ತೂತುಗಳೂ ಒಂದು ಸಾಲು ಮೇಲೆ ಸರಿದಿವೆ. ನಾಲ್ಕರಲ್ಲಿ ಎರಡು ತೂತು ಹಾಳೆಯಾಚೆ ಗಾಳಿಯಲ್ಲಿ. ಒಂದರ ಕೆಳಗೆ ಆಗಲೇ ಹನ್ನೊಂದು ಕೂತಿದ್ದರಿಂದ ಮೊಹರು ಬಿದ್ದಿಲ್ಲ. ಉಳಿದ ಒಂದರಲ್ಲಿ ಈ ಎಡವಟ್ಟು. ಹೊಸಬರು ಮಾಡುವ ತಪ್ಪು. ಹೊಸಬರು, ಇಲ್ಲವೇ ಎಲ್ಲಿಗೋ ಓಡುವ ಅವಸರದಲ್ಲಿರುವವರು. 99,99,953ನ್ನು ಭಾಗಿಸುವ ಇನ್ನೊಂದು ಸಂಖ್ಯೆ ಎರಡೂವರೆ ಲಕ್ಷದಾಚೆಯದು, ಅಷ್ಟು ದೊಡ್ಡ ಜರಡಿ ಪ್ರಪಂಚದಲ್ಲೇ ಇಲ್ಲ. ಹೀಗಾಗಿ ಆಮೇಲೂ ಯಾರೂ ಅದನ್ನು ಹಿಡಿಯಲಿಲ್ಲ. ತಪ್ಪಿಸಿಕೊಂಡದ್ದು ಒಂಟಿಯ ವೇಷ ಹಾಕಿಕೊಂಡು ಮೂವತ್ತೆಂಟು ವರ್ಷ ಮೆರೆಯಿತು. ಮೇಲಿನ ಮನೆಯದು ಮೈಮೇಲೆ ಮೊಹರು ಹೊತ್ತು ಕೂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆಮೇಲೆ ಅವಳು ಹಾಳೆಯ ಮೂಲೆ ನೋಡಿದಳು. ತ್ರಿಕೋನ.

ನಿರ್ದೇಶಕರು ಮಧ್ಯಾಹ್ನ ಒಂದು ಗಳಿಗೆ ಬಂದು ಹೋಗುತ್ತಿದ್ದರು. ವಿಷಯ ಕೇಳಿ ಕನ್ನಡಕ ಹಣೆಗೇರಿಸಿದರು.

“ಮುಚ್ಚೋ ಅಂಗಡಿಗೆ ಬಣ್ಣ ಯಾಕಮ್ಮ? ಬಿಟ್ಟುಬಿಡಿ.”

“ಉಳಿದಿರೋ ನಲವತ್ತು ಪ್ರತಿಗಳು ಈ ಶುಕ್ರವಾರ ಗ್ರಂಥಾಲಯಗಳಿಗೆ ಹೋಗ್ತವೆ ಸಾರ್. ಆಮೇಲೆ ತಿದ್ದೋರು ಯಾರು?”

“ಸರಿ, ಚೀಟಿ ಹಾಕ್ಸಿ. ಆ ಇನ್ನೊಂದು, ಸುಮ್ಮನೆ ಮೊಹರು ಬಿದ್ದಿದೆಯಲ್ಲ, ಅದು ಒಂಟಿನಾ?”

“ಭಾಗಿಸಿ ನೋಡಬೇಕು. ಮನೆ ತುಂಬಿದೆ ಅಂತ ಆಮೇಲಿನ ಯಾವ ಜರಡಿಯವರೂ ಅದನ್ನ ಮುಟ್ಟಿಲ್ಲ.”

“ಎಷ್ಟು ಭಾಗಾಕಾರ?”

“ನಾನೂರ ಮೂವತ್ತನಾಲ್ಕು.”

“ಫೋನಿದೆಯಲ್ಲಮ್ಮ,” ಎಂದರು ಅವರು. ಅವಳ ಮುಖ ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡರು. “ನಿಮ್ಮಿಷ್ಟ. ಗುರುತು ಯಾರದ್ದು?”

“ನೋಡಿ ಹೇಳ್ತೀನಿ,” ಎಂದಳು ಸೊನ್ನೆ. ನೋಡಿಯಾಗಿತ್ತು.

ಮಂಗಳವಾರ, ಬುಧವಾರ ಎರಡೂ ದಿನ ಕೂತು ಭಾಗಿಸಿದಳು. ನಲವತ್ತೊಂದರಿಂದ ಹಿಡಿದು ಮೂರು ಸಾವಿರದ ನೂರ ಮೂವತ್ತೇಳರವರೆಗಿನ ಒಂದೊಂದು ಒಂಟಿಯಿಂದಲೂ. ಮಣಿಕಟ್ಟು ಉರಿಯುತ್ತಿತ್ತು, ಒದ್ದೆ ಬಟ್ಟೆ ಸುತ್ತಿಕೊಂಡಳು. ಪ್ರತಿ ಸಲವೂ ಏನಾದರೊಂದು ಶೇಷ ಉಳಿಯುತ್ತಿತ್ತು, ಅದನ್ನು ಬರೆದು ಮುಂದಿನದಕ್ಕೆ ಹೋಗುತ್ತಿದ್ದಳು. ಇನ್ನೂರನೆಯದರ ಹೊತ್ತಿಗೆ ತಲೆಯಲ್ಲಿ ಅಂಕಿಗಳು ಬಿಟ್ಟು ಬೇರೇನೂ ಇರಲಿಲ್ಲ, ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಅಕ್ಕನ ಮುಖ ಬರುತ್ತಿತ್ತು.

ಶುಕ್ರವಾರ ಬೀಳ್ಕೊಡುಗೆಯ ಚಹಾಕೂಟವಿತ್ತು. ಹಳಬರೆಲ್ಲ ಬರುತ್ತಿದ್ದರು, ಅಕ್ಕನೂ ಬರುತ್ತಿದ್ದಳು. ಹಳಬರ ಕೈಗೆ ಚೀಟಿ ಸಿಕ್ಕಿದರೆ ಮೊದಲು ನೋಡುವುದು ಗುರುತನ್ನೇ. ‘ಅಯ್ಯೋ, ತ್ರಿಕೋನ!’ ಎಂದು ಒಬ್ಬಳು ಕೂಗಿದರೆ ಸಾಕು. ಅದೂ ಎಂಥ ಹಾಳೆಯಲ್ಲಿ! ಕೋಟಿ ಮುಟ್ಟಿಸುವ ಕೊನೆಯ ಹಾಳೆ ಎಂದು ಹಿಂದಿನ ನಿರ್ದೇಶಕರು ಅಕ್ಕನಿಗೇ ಆರಿಸಿ ಕೊಟ್ಟ ಹಾಳೆ ಅದು. ಬುಧವಾರ ಸಂಜೆ ಸೊನ್ನೆ ಮನೆಗೆ ಹೋದಾಗ ಅಕ್ಕ ಎಂದಿನಂತೆ ಕಿಟಕಿಯ ಪಕ್ಕ ಕೂತಿದ್ದಳು.

“ಬಂದ್ಯಾ ಪುಟ್ಟಿ? ಇವತ್ತು ಯಾಕೆ ತಡ?” ಅಕ್ಕನ ಪಾಲಿಗೆ ಅರವತ್ತರ ಸೊನ್ನೆ ಇನ್ನೂ ಪುಟ್ಟಿ.

“ಒಂದು ತಿದ್ದುಪಡಿ ಇತ್ತು.”

“ಈಗಲೂ ಬರ್ತಿವೆಯಾ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೆಲಸ ಮಾಡ್ಬೇಕಿತ್ತು ಎಲ್ಲರೂ. ಮೂವತ್ತೊಂದು ವರ್ಷ, ಒಂದು ಚೀಟಿ ಇಲ್ಲ ನಂದು. ಯಾರದ್ದು ಈ ಸಲ?”

“ಇನ್ನೂ ನೋಡಬೇಕು,” ಎಂದು ಸೊನ್ನೆ ಒಳಗೆ ಹೋಗಿ ಒಲೆ ಹಚ್ಚಿದಳು. ಅಕ್ಕನ ಆ ಮಾತನ್ನು ಅವಳು ದಿನಕ್ಕೊಂದು ಸಲದಂತೆ ಕೇಳಿ ಕೇಳಿ ಬೇಸತ್ತಿದ್ದಳು. ಅದನ್ನು ಅಕ್ಕನ ಬಾಯಿಂದ ಕಿತ್ತುಕೊಳ್ಳುವುದು ಮಾತ್ರ ತನ್ನಿಂದಾಗದು ಎಂದು ಅನ್ನ ಬೇಯುವಷ್ಟರಲ್ಲಿ ತೀರ್ಮಾನವಾಯಿತು. ಹನ್ನೊಂದು ಇದ್ದದ್ದು ಹನ್ನೆರಡಾಗುತ್ತದೆ, ಏನೀಗ?

ಗುರುವಾರ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ಅಚ್ಚಿನಣ್ಣನಿಗೆ ಚೀಟಿ ಕೊಟ್ಟಳು. ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿ ಆತನೂ ಅವಳಷ್ಟೇ ಹಳಬ. ಚೀಟಿಯಲ್ಲಿ ಎರಡು ಸಾಲು: 99,99,953ಕ್ಕೆ ಅವಿಭಾಜ್ಯ ಎಂಬುದರ ಬದಲು 37 ಎಂದು ಓದಿಕೊಳ್ಳಿ. 99,99,943ಕ್ಕೆ 37 ಎಂಬುದರ ಬದಲು ಅವಿಭಾಜ್ಯ ಎಂದು ಓದಿಕೊಳ್ಳಿ. ಎರಡರ ಕೊನೆಗೂ ಉಂಗುರ.

“ಹೋಗ್ತಾ ಹೋಗ್ತಾ ಜೋಡಿ ಸೊನ್ನೆ,” ಎಂದು ನಕ್ಕ ಆತ.

ಸಂಜೆ ಮೊದಲ ಚೀಟಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೊರಟಳು. ಮಣಿಕಟ್ಟು ನೋಯುತ್ತಿದ್ದರೂ ಎದೆಯೊಳಗೆ ಸಣ್ಣದೊಂದು ಹೆಮ್ಮೆ ಇತ್ತು. ಜೀವಮಾನವೆಲ್ಲ ಅಕ್ಕನಿಂದ ತೆಗೆದುಕೊಂಡವಳು, ಕೊಟ್ಟದ್ದು ಇದೇ ಮೊದಲು. ಅಂಥ ಹೆಮ್ಮೆ ತಪ್ಪಲ್ಲ, ಆದರೆ ಅದರ ಆಯುಸ್ಸು ಬಸ್ಸಿನಲ್ಲಿ ಮನೆ ತಲುಪುವಷ್ಟೇ ಇತ್ತು.

“ಕೊಡು ಇಲ್ಲಿ ಚೀಟಿ,” ಎಂದಳು ಅಕ್ಕ. ಹಳೆಯ ಚೀಟಿಗಳನ್ನೆಲ್ಲ ಅವಳು ಒಂದು ತಗಡಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಮೊಳೆಯಚ್ಚು ಕಾಗದದಲ್ಲಿ ತಗ್ಗು ಮಾಡಿರುತ್ತದೆ, ಸಣ್ಣ ಅಂಕಿ ಸಿಗದಿದ್ದರೂ ಗುರುತಿನ ಆಕಾರ ಬೆರಳಿಗೆ ಸಿಗುತ್ತದೆ. ಅಕ್ಕನ ತೋರುಬೆರಳು ಸಾಲಿನುದ್ದಕ್ಕೂ ಹೋಗಿ ಕೊನೆಯಲ್ಲಿ ನಿಂತಿತು. “ನಿಂದೇ. ಎರಡೂ. ಯಾವ ಸಂಖ್ಯೆ?”

“ಯಾವುದೋ ಒಂದು ಅಕ್ಕ.”

“ಯಾವ ಸಂಖ್ಯೆ ಪುಟ್ಟಿ?”

“ಕೋಟಿಗೆ ನಲವತ್ತೇಳು ಕಡಿಮೆ.”

ಅಕ್ಕನ ಬೆರಳು ಮತ್ತೆ ಮೊದಲ ಉಂಗುರಕ್ಕೆ ಮರಳಿತು. ‘ಅದು ನನ್ನ ಹಾಳೆ, ನನ್ನ ತಪ್ಪನ್ನು ನೀನ್ಯಾಕೆ ಹೊತ್ಕೊಂಡೆ’ ಎಂದು ರೇಗುತ್ತಾಳೆ, ಆಮೇಲೆ ಅಳುತ್ತಾಳೆ ಎಂದುಕೊಂಡು ಸೊನ್ನೆ ಸಮಾಧಾನದ ಮಾತುಗಳನ್ನು ಸಿದ್ಧಮಾಡಿಕೊಂಡಳು.

“ಮೂವತ್ತೇಳರ ಜರಡಿನಾ?” ಎಂದಳು ಅಕ್ಕ.

“ಹೂಂ. ಒಂದು ಸಾಲು ಮೇಲಿಟ್ಟಿದೆ.”

“ಹಾಗಾದ್ರೆ ಸರಿಯಾಗೇ ಹಾಕಿದ್ದೀಯ. ಅದು ನಿಂದೇ.”

ಸೊನ್ನೆಗೆ ಅರ್ಥವಾಗಲಿಲ್ಲ.

“ಮೂವತ್ತೊಂದರವರೆಗೆ ನಾನು ಇಟ್ಟಿದ್ದು,” ಎಂದಳು ಅಕ್ಕ. “ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಅಪ್ಪನಿಗೆ ಜಾಸ್ತಿಯಾಗಿದೆ ಅಂತ. ಹಾಳೆ ಅವತ್ತೇ ಅಚ್ಚಿಗೆ ಹೋಗ್ಬೇಕು, ಒಬ್ಬರು ಹೋಗಿ, ಒಬ್ಬರು ಇರಿ ಅಂದ್ರು ಆಗಿನ ನಿರ್ದೇಶಕರು. ನೀನು ಹೋಗು ಅಕ್ಕ, ನಾನು ಮುಗಿಸಿ ಓಡಿ ಬರ್ತೀನಿ ಅಂದೆ ನೀನು. ನನ್ನ ಕುರ್ಚಿಯಲ್ಲಿ ಕೂತೆ.”

ಅಪ್ಪ ಹೋದ ದಿನ ತಾನು ಕಚೇರಿಯಲ್ಲಿ ಉಳಿದದ್ದು ಸೊನ್ನೆಗೆ ನೆನಪಿತ್ತು. ಬಸ್ಸು ನೆನಪಿತ್ತು, ಆಸ್ಪತ್ರೆಯ ಮೆಟ್ಟಿಲು ನೆನಪಿತ್ತು, ಮೆಟ್ಟಿಲ ಮೇಲೆ ಅಕ್ಕ ಎದುರು ಬಂದು ತಲೆಯಾಡಿಸಿದ್ದು ನೆನಪಿತ್ತು. ಆ ಮಧ್ಯಾಹ್ನ ಯಾರ ಮೇಜಿನಲ್ಲಿ ಕೂತು ಯಾವ ಹಾಳೆಗೆ ಮೊಹರು ಒತ್ತಿದೆ ಎಂಬುದು ಮಾತ್ರ ಒಂದಿಷ್ಟೂ ಇರಲಿಲ್ಲ. ಹೊಸಬರು, ಇಲ್ಲವೇ ಓಡುವ ಅವಸರದಲ್ಲಿರುವವರು. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ. ದೊಡ್ಡ ಮನಸ್ಸು ಮಾಡಿ ಅಕ್ಕನ ತಪ್ಪನ್ನು ಹೊತ್ತೆ ಎಂದುಕೊಂಡವಳು ಹೊತ್ತಿದ್ದು ತನ್ನದನ್ನೇ.

“ಗುರುತು ನಿಂದಿದೆಯಲ್ಲ ಅಕ್ಕ?”

“ಹದಿನೈದು ದಿನ ಬಿಟ್ಟು ಬಂದಾಗ ಹಾಳೆ ಮೇಜಿನ ಮೇಲೇ ಇತ್ತು. ಅವತ್ತೇ ಹೋಗ್ಬೇಕಿದ್ದ ಹಾಳೆ! ಯಾರೂ ಅಚ್ಚಿಗೆ ಒಯ್ದೇ ಇರಲಿಲ್ಲ. ಒಂದು ಗುರುತಿಲ್ಲ ಅಂತ.” ಅಕ್ಕ ಚೀಟಿಯನ್ನು ಮಡಿಲಿಗೆ ಇಳಿಸಿದಳು. “ಪರೀಕ್ಷೆ ಮಾಡಿ ಒತ್ತಬೇಕಿತ್ತು. ಮಾಡ್ಲಿಲ್ಲ. ನೋಡಕ್ಕಾಗ್ಲಿಲ್ಲ ಕಣೇ. ಆ ಹಾಳೆಗೋಸ್ಕರ ನೀನು ಅಪ್ಪನ ಮುಖ ನೋಡ್ಲಿಲ್ಲ. ಕಣ್ಣು ಬೇರೆ ಕಡೆ ತಿರುಗಿಸಿ ತ್ರಿಕೋನ ಒತ್ತಿಬಿಟ್ಟೆ. ಒಂದೂ ತಪ್ಪಿಲ್ಲ, ಒಂದೂ ತಪ್ಪಿಲ್ಲ ಅಂತ ದಿನಾ ಹೇಳ್ತಿದ್ನಲ್ಲ, ಹೇಳಿದಾಗಲೆಲ್ಲ ಅದೇ ಹಾಳೆ ಕಣ್ಣೆದುರು ಬರ್ತಿತ್ತು. ಭಯಕ್ಕೆ ಹೇಳ್ತಿದ್ದೆ.”

ಸೊನ್ನೆ ಅಕ್ಕನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅವಳಿಗೆ ಸಿಟ್ಟು ಬರಲಿಲ್ಲ. ದಣಿವಾಗಿತ್ತು, ಮತ್ತು ಅಪ್ಪ ಬೇಕಾಗಿದ್ದರು. ಅರವತ್ತು ವರ್ಷಕ್ಕೆ ಅಪ್ಪ ಬೇಕೆಂದರೆ ಎಲ್ಲಿಂದ ತರುವುದು?

“ಅಪ್ಪ ನನ್ನ ಕೇಳಿದ್ರಾ ಅಕ್ಕ?” ಈ ಪ್ರಶ್ನೆಯನ್ನು ಅವಳು ಮೂವತ್ತೆಂಟು ವರ್ಷ ಕೇಳಿರಲಿಲ್ಲ.

“ಚಿಕ್ಕವಳೆಲ್ಲಿ ಅಂದ್ರು. ಕೋಟಿ ಮುಟ್ಟಿಸಿ ಬರ್ತಿದ್ದಾಳೆ ಅಂದೆ. ಅವಸರ ಮಾಡ್ಬೇಡ ಅನ್ನು, ನಿಧಾನಕ್ಕೆ ಬರಲಿ ಅಂದ್ರು. ಅಷ್ಟೇ ಅಂದಿದ್ದು.”

ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಅಕ್ಕ ಸೆರಗಿನಿಂದ ಮೂಗೊರಸಿಕೊಂಡು ಮತ್ತೆ ಕಚೇರಿಯವಳಾದಳು.

“ಚೀಟಿ ತಪ್ಪಾಗಿದೆ. ಮೂವತ್ತೇಳು ಬಿಟ್ಟಿದ್ದು ನಿಂದು, ಉಂಗುರ ಇರಲಿ. ಆದ್ರೆ ಏನೂ ತಪ್ಪು ಮಾಡದ ಸಂಖ್ಯೆ ಮೇಲೆ ಮೊಹರು ಕೂತಿದ್ದನ್ನ ನೋಡದೆ ಬಿಟ್ಟೋಳು ನಾನು. ಎರಡನೇ ಸಾಲು ನಂದು.”

“ಒಂದು ಹಾಳೆಗೆ ಒಂದೇ ಗುರುತು ಅಕ್ಕ. ಕಟ್ಟಳೆ.”

“ನಾಳೆ ಸಂಜೆಯಿಂದ ಕಟ್ಟಳೆ ಕೇಳೋಕೆ ಯಾರಿರ್ತಾರೆ? ಹೋಗಿ ಹಾಕ್ಸು.”

ಶುಕ್ರವಾರ ಬೆಳಿಗ್ಗೆ ಅಚ್ಚಿನಣ್ಣ ಗೊಣಗಿಕೊಂಡೇ ಎರಡನೆಯ ಸಾಲಿನ ಉಂಗುರ ಕಿತ್ತು, ಹಳೆಯ ಖಾನೆಗಳನ್ನೆಲ್ಲ ತಡಕಿ ತ್ರಿಕೋನ ಹುಡುಕಿದ. ಇಷ್ಟು ವರ್ಷ ಒಂದು ಸಲವೂ ಉಪಯೋಗವಾಗದೆ ಬಿದ್ದಿದ್ದ ಮೊಳೆ ಅಂಚು ಸವೆಯದೆ ಹೊಸದರಂತೆಯೇ ಇತ್ತು. ಚಹಾಕೂಟದಲ್ಲಿ ನಿರೀಕ್ಷಿಸಿದಂತೆಯೇ ಒಬ್ಬಳು “ಅಯ್ಯೋ, ತ್ರಿಕೋನ!” ಎಂದು ಕೂಗಿದಳು. ಎಲ್ಲರೂ ಅಕ್ಕನ ಕಡೆ ತಿರುಗಿದರು.

“ಹೂಂ ಕಣಮ್ಮ, ನಂದೇ,” ಎಂದಳು ಅಕ್ಕ. “ನಮ್ಮ ಪುಟ್ಟೀದರ ಕೆಳಗೇ ಇದೆ.” ಅವಳ ಬೆರಳು ಚೀಟಿಯ ಅಂಚಿನಲ್ಲಿ ಉಂಗುರದಿಂದ ತ್ರಿಕೋನಕ್ಕೆ, ತ್ರಿಕೋನದಿಂದ ಉಂಗುರಕ್ಕೆ ಓಡಾಡುತ್ತಿತ್ತು.

ಎಲ್ಲರೂ ಹೋದ ಮೇಲೆ ಸೊನ್ನೆ ನಲವತ್ತು ಪ್ರತಿಗೂ ಚೀಟಿ ಅಂಟಿಸಿದಳು. ಕೊನೆಗೆ ಉಳಿದದ್ದು ಸಿಗ್ನಲ್‌ನವರಿಗೆ ಉತ್ತರ. ಇಂಥದಕ್ಕೆಲ್ಲ ಕಚೇರಿಯಲ್ಲಿ ಎರಡು ಸಾಲಿನ ಸಿದ್ಧ ಒಕ್ಕಣೆಯಿತ್ತು, ಅದರಾಚೆ ಒಂದಕ್ಷರ ಬರೆಯುವ ಪದ್ಧತಿ ಇರಲಿಲ್ಲ. ಕೈ ನೋಯುತ್ತಿದ್ದರೂ ಅವಳು ನಿಧಾನವಾಗಿ ಬರೆದಳು:

‘ನಿಮ್ಮ ಭಾಗಾಕಾರ ಸರಿಯಾಗಿದೆ. ನಿಮಗೆ ವಯಸ್ಸಾಗಿಲ್ಲ. ಜರಡಿಯನ್ನು ಒಂದು ಸಾಲು ಮೇಲಿಟ್ಟವಳು ನಾನು. ಆ ದಿನ ನಮ್ಮ ಅಪ್ಪ ಆಸ್ಪತ್ರೆಯಲ್ಲಿದ್ದರು, ನನಗೆ ಬೇಗ ಹೋಗಬೇಕಿತ್ತು.’